ಹೊಳ್ಳರ ಪೆಟ್ಟಿಗೆಗೆ ಒಂಬತ್ತು ಹಾಸಿಗೆ

ಸಾಲಿಗ್ರಾಮದ ಬಾಲಚಂದ್ರ ಹೊಳ್ಳರ ಮನೆಗೆ ಆ ಎರಡು ಸ್ಪೀಕರ್ ಪೆಟ್ಟಿಗೆಗಳು ಬಂದು ಭಾನುವಾರಕ್ಕೆ ಹನ್ನೊಂದು ದಿನವಾಗಿತ್ತು. ಎದೆಮಟ್ಟ ಎತ್ತರ, ಮುಖ ಕಾಣುವಷ್ಟು ಹೊಳಪು. ಧೂಳು ಕೂತರೆ ಹೊಳ್ಳರು ಉಟ್ಟ ಪಂಚೆಯ ತುದಿಯಿಂದಲೇ ಒರೆಸುತ್ತಿದ್ದರು. ನೋಡುವುದಕ್ಕೆ ಚೆಂದವೇ. ಹಾಡಲು ಬಿಟ್ಟರೆ ಮಾತ್ರ ಕಷ್ಟ. ‘ಸ’ಕಾರ ಬಂದಲ್ಲೆಲ್ಲ ಕುಕ್ಕರು ಸೀಟಿ ಹಾಕಿದಂತಾಗುತ್ತಿತ್ತು, ತಾಳ ತಟ್ಟಿದಲ್ಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು, ಚಂಡೆ ಶುರುವಾಯಿತೆಂದರೆ ಹಿತ್ತಲಿನ ಕಾಗೆಗಳು ಎದ್ದು ಹೋಗುತ್ತಿದ್ದವು.

ಬ್ರಹ್ಮಾವರದ ತಾಲೂಕು ಆಫೀಸಿನ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಜನರ ಪಹಣಿ, ಆಧಾರ್ ಕಾರ್ಡುಗಳ ನಕಲು ತೆಗೆದುಕೊಡುತ್ತಿದ್ದ ಹೊಳ್ಳರಿಗೆ ಐವತ್ತೆರಡನೇ ವಯಸ್ಸಿನಲ್ಲಿ ತಮಗೊಂದು ಸೂಕ್ಷ್ಮವಾದ ಕಿವಿ ಇದೆ ಎಂಬ ಗುಮಾನಿ ಹುಟ್ಟಿತ್ತು. ಅಂಥ ಗುಮಾನಿ ಹುಟ್ಟಿದವರನ್ನು ಅಂಗಡಿಯವರು ದೂರದಿಂದಲೇ ಗುರುತಿಸುತ್ತಾರೆ. ಮಂಗಳೂರಿನ ಅಂಗಡಿಯವನು ಇವರಿಗೆ ತೋರಿಸಿದ ಆಂಪ್ಲಿಫಯರ್‌ಗೆ ಒಂದೇ ಗುಂಡಿ, ಸದ್ದು ಏರಿಸಿ ಇಳಿಸುವುದಕ್ಕೆ. ಟ್ರೆಬಲ್, ಅಂದರೆ ಚುಚ್ಚುವ ಏರುದನಿ, ಕಮ್ಮಿ ಮಾಡುವ ಗುಂಡಿ ಎಲ್ಲಿ ಎಂದು ಕೇಳಿದರೆ ಅವನು ಮರುಕದಿಂದ ನಕ್ಕ. ಅದೆಲ್ಲ ಸಾಮಾನ್ಯರ ಸೆಟ್ಟಿನಲ್ಲಿ ಇರುವುದು, ನಿಜವಾದ ರಸಿಕರು ಧ್ವನಿಯನ್ನು ತಿದ್ದುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಕೇಳುತ್ತಾರೆ ಎಂದ. ಹೊಳ್ಳರು ಸಾಮಾನ್ಯರಾಗಲು ಒಪ್ಪಲಿಲ್ಲ. ಗುಂಡಿ ಕಮ್ಮಿಯಾದಷ್ಟೂ ಬೆಲೆ ಜಾಸ್ತಿಯಾಗುವ ವ್ಯಾಪಾರ ಲೋಕದಲ್ಲಿ ಇದೊಂದೇ ಇರಬೇಕು.

ಸಾಲದ್ದಕ್ಕೆ ಹೊಳ್ಳರ ಹಾಲ್ ಒಂದಿತ್ತು. ಹಿಂದಿನ ವರ್ಷವಷ್ಟೇ ತಣ್ಣಗಿದ್ದ ಕೆಂಪು ಗಾರೆಯ ನೆಲ ಕೀಳಿಸಿ ಕನ್ನಡಿಯಂಥ ಟೈಲ್ಸು ಹಾಕಿಸಿದ್ದರು. ಒಂದು ಗೋಡೆ ಪೂರ್ತಿ ಗಾಜಿನ ಶೋಕೇಸು, ಇನ್ನೊಂದು ಗೋಡೆಗೆ ಪರದೆಯಿಲ್ಲದ ದೊಡ್ಡ ಕಿಟಕಿ. ಅಲ್ಲಿ ಒಂದು ಚಮಚ ಬಿದ್ದರೆ ನಾಲ್ಕು ಬಿದ್ದ ಹಾಗೆ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಎದುರಿಗಿಟ್ಟು ಹೆಂಡತಿ ವೇದಾವತಿ ನಿಂತೇ ಮಾತಾಡಿದಳು. ಅವಳು ಕೂತು ಮಾತಾಡಿದರೆ ಮನೆ ವಿಷಯ, ನಿಂತು ಮಾತಾಡಿದರೆ ತೀರ್ಪು.

“ಹ್ವಾಯ್, ಕಾಣಿ. ಹನ್ನೊಂದ್ ದಿನ ಆಯ್ತ್, ನನ್ ತಲಿನೋವ್ ಇಳೀಲಿಲ್ಲೆ. ಇವತ್ ಸಂಜಿ ಒಳ್ಗ್ ಈ ಕಿರ್ಚಾಟ ನಿಲ್ಕ್. ನಿಲ್ದಿದ್ರೆ ನಾಳಿ ಎರಡೂ ಪೆಟ್ಗಿ ಅಟ್ಟಕ್ಕೆ. ಹೊರುಕೆ ಜನ ನಾನೇ ಕರ್ಸ್ತೆ.”

“ಇವತ್ ಭಾಗವತ್ರ್ ಬತ್ರಲೆ ಮಾರಾಯ್ತಿ.”

“ಅದ್ಕೇ ಹೇಳದ್ದ್. ಅವ್ರ್ ಕೆಮಿ ಆರೂ ಉಳೀಲಿ,” ಎಂದು ಅವಳು ಕಿವಿ ಮುಟ್ಟಿ ತೋರಿಸಿದಳು.

ಈ ಭಾಗವತರ ವಿಷಯ ಹೀಗೆ. ಹೊಳ್ಳರಿಗೆ ಸೋದರಮಾವನ ಟ್ರಂಕಿನಲ್ಲಿ ಯಕ್ಷಗಾನದ ಹಳೇ ಕ್ಯಾಸೆಟ್ಟೊಂದು ಸಿಕ್ಕಿತ್ತು. ಮೇಲೆ ‘ಅಮಾಸೆಬೈಲು ಆಟ, 1987’ ಎಂದಷ್ಟೇ ಬರೆದಿತ್ತು. ಅದನ್ನು ಕುಂದಾಪುರದಲ್ಲಿ ಪೆನ್‌ಡ್ರೈವಿಗೆ ಹಾಕಿಸಿ, ‘ಆಟದ ಮರ್ಲರು’, ಅಂದರೆ ಆಟದ ಹುಚ್ಚರು, ಎಂಬ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಹೊಸ ಸೆಟ್ಟಿನ ಫೋಟೋದೊಂದಿಗೆ ಘೋಷಿಸಿದರು. ಯಕ್ಷಗಾನಕ್ಕೆ ಪ್ರಾಣ ಬಿಡುವ ಆ ಇನ್ನೂರು ಜನರಲ್ಲಿ ಒಬ್ಬನೇ ಒಬ್ಬ ಕೆಲಸಕ್ಕೆ ಬರುವ ಮಾತಾಡಿದ. ಅವನು ಕೆರಾಡಿ ಕಡೆಯ ಸುಜನ್ ಎಂಬ ಹುಡುಗ. ‘ಆ ಆಟದಗೆ ನಮ್ಮ ಅಜ್ಜ ಇದ್ರ್. ಒಂದ್ ಸಲ ಕೇಂಬ್ಕ್ ಅಂತ್ರ್. ಈಗ ಸಾಲಿಗ್ರಾಮದಗೇ ಮಗಳ ಮನಿಯಗೆ ಇದ್ರ್. ಭಾನ್ವಾರ ನಾಕ್ ಗಂಟಿಗೆ ಕರ್ಕಂಡ್ ಬತ್ತೆ’ ಎಂದು ಬರೆದ.

ಹೊಳ್ಳರು ಎರಡನೇ ಯೋಚನೆ ಮಾಡಲಿಲ್ಲ. ಕ್ಯಾಸೆಟ್ಟಿನಲ್ಲಿ ಇರುವವರು ಎಂದರೆ ಪದ್ಯ ಹಾಡುವ ಭಾಗವತರೇ, ಇನ್ಯಾರು? ಗುಂಪಿನವರೂ ಹಾಗೇ ತಿಳಿದು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಕಳಿಸಿದರು. ಭಾಗವತರು ಇವರ ಪೆಟ್ಟಿಗೆಯಲ್ಲಿ ತಮ್ಮದೇ ಸ್ವರ ಕೇಳಿ ತಲೆದೂಗಬೇಕು, ಅದನ್ನು ನೋಡಿ ವೇದಾವತಿ ಅಟ್ಟದ ಮಾತು ಬಿಡಬೇಕು. ಹೊಳ್ಳರಿಗೆ ಅಂದು ಬೇಕಾದದ್ದು ಇಷ್ಟೇ. ಅದಕ್ಕೆ ಅಡ್ಡ ನಿಂತದ್ದು ಆ ಸೀಟಿ, ಆ ಚಂಡೆ.

ಒಂಬತ್ತು ಗಂಟೆಗೆ ಶ್ರೀಶ ಬಂದ. ವಿಮೆ ಮಾಡಿಸುವುದು ಇವನ ಉದ್ಯೋಗ, ಉಳಿದೆಲ್ಲ ವಿಷಯದಲ್ಲಿ ಪಾಂಡಿತ್ಯ ಇವನ ಹವ್ಯಾಸ. ಸ್ವಂತಕ್ಕೊಂದು ರೇಡಿಯೋ ಇಲ್ಲದಿದ್ದರೂ ಧ್ವನಿಶಾಸ್ತ್ರದ ವಿಡಿಯೋಗಳನ್ನು ನೋಡಿ ನೋಡಿ ಬೇರೆಯವರ ಮನೆಯ ಸೆಟ್ಟು ಕೆಡಿಸುವಷ್ಟು ತಯಾರಾಗಿದ್ದ. ಹಾಲ್‌ನ ನಾಲ್ಕೂ ಮೂಲೆಗೆ ಹೋಗಿ ಚಪ್ಪಾಳೆ ತಟ್ಟಿದ. ಸೋಫಾದಲ್ಲಿ ಮೂರು ಕಡೆ ಕೂತು ಕಣ್ಣು ಮುಚ್ಚಿದ. ವೇದಾವತಿ ಅಡಿಗೆಮನೆಯಿಂದ ಇಣುಕಿ, ಇವನಿಗೇನಾದರೂ ಮೈಮೇಲೆ ಬಂತೋ ಎಂದು ನೋಡಿ ಹೋದಳು.

“ನಿಮ್ ಪೆಟ್ಗಿ ನಿಮ್ಮನ್ನೇ ನೆಟ್ಟ್ಗೆ ಕಾಂತಾ ಇತ್ತ್ ಹೊಳ್ರೆ,” ಎಂದ. “ಅದ್ರ ಮೊಕ ತಿರ್ಗ್ಸಿ, ಟ್ರೆಬಲ್ ತನ್ನಷ್ಟಕ್ಕೆ ಇಳೀತ್.”

ಇಬ್ಬರೂ ಸೇರಿ ಉಸಿರು ಕಟ್ಟಿ ಪೆಟ್ಟಿಗೆಗಳ ಮುಖವನ್ನು ಶೋಕೇಸಿನ ಕಡೆ ತಿರುಗಿಸಿದರು. ಹೊಳ್ಳರು ಕ್ಯಾಸೆಟ್ಟಿನ ಯುದ್ಧದ ಪದ್ಯವನ್ನೇ ಹಾಕಿದರು. ಚಂಡೆಯ ಮೊದಲ ಉರುಳಿಕೆಗೆ ಗಾಜಿನ ಬಾಗಿಲುಗಳು ಗಡಗಡ ನಡುಗಿ ತೆರೆದುಕೊಂಡವು. ಎರಡನೆಯದಕ್ಕೆ ಯುವಕ ಮಂಡಲದವರು ಹೊಳ್ಳರಿಗೆ ಕೊಟ್ಟಿದ್ದ ಗಾಜಿನ ನೆನಪಿನ ಕಾಣಿಕೆ ಮೇಲಿನ ಹಲಗೆಯಿಂದ ಜಾರಿ ಕೆಳಗಿನ ಎರಡು ಕಾಣಿಕೆಗಳನ್ನು ಕರೆದುಕೊಂಡು ನೆಲಕ್ಕೆ ಬಿತ್ತು. ಹೊಳ್ಳರ ಸಮಾಜಸೇವೆಗೆ ಇನ್ನು ಉಳಿದ ಸಾಕ್ಷಿ ಒಂದೇ ಒಂದು ಕಾಣಿಕೆ.

“ಕಂಡ್ರ್ಯಾ, ಗಾಜಿಂದೇ ದೋಷ,” ಎಂದ ಶ್ರೀಶ, ತನ್ನ ಮಾತು ರುಜುವಾತಾದ ಸಮಾಧಾನದಲ್ಲಿ.

ಗಾಜು ಗುಡಿಸುವ ಹೊತ್ತಿಗೆ ಗೇಟಿನ ಹೊರಗೆ ಟೆಂಪೋ ನಿಂತಿತು. ಹಂಗಾರಕಟ್ಟೆಯ ತಿಮ್ಮ ಯಾವುದೋ ಗೃಹಪ್ರವೇಶಕ್ಕೆ ಹಾಕಿದ್ದ ಮೈಕ್‌ಸೆಟ್ಟು ಬಿಚ್ಚಿಕೊಂಡು ಊರಿಗೆ ಹೊರಟವನು. ಆಟ, ಮದುವೆ, ಸಭೆ ಯಾವುದಿದ್ದರೂ ಅವನದೇ ಮೈಕು. ಇಪ್ಪತ್ತೈದು ವರ್ಷದಿಂದ ಊರಿನ ಯಾವ ಭಾಷಣವೂ ಯಾರಿಗೂ ಅರ್ಥವಾಗದಂತೆ ನೋಡಿಕೊಂಡ ಮನುಷ್ಯ.

“ಹ್ವಾಯ್ ಹೊಳ್ರೆ, ಎಂತ ಅದ್ ಶಬ್ದ? ರಸ್ತಿ ವರಿಗೂ ಕೇಂತ್,” ಎನ್ನುತ್ತ ಒಳಗೆ ಬಂದ. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಮೇಲುಗಡೆ ಇದ್ದ, ಏರುದನಿ ಹೊರಡಿಸುವ ಪುಟ್ಟ ಟ್ವೀಟರನ್ನು ಬೆರಳಿನಿಂದ ತೋರಿಸಿದ. “ಕಿರ್ಚುದ್ ಇದೇ. ನಮ್ ಹಾರ್ನ್ ಹೀಂಗೆ ಕಿರ್ಚಿದ್ರೆ ನಾವ್ ನೀರಗೆ ಅದ್ದಿದ್ ಬೈರಾಸ್ ಕಟ್ತ್.”

ಹೇಳಿದವನು ಹೆಗಲ ಮೇಲಿದ್ದ ಬೈರಾಸನ್ನು ಹಿತ್ತಲ ನಲ್ಲಿಯಲ್ಲಿ ನೆನೆಸಿ, ಅರ್ಧ ಹಿಂಡಿ ತಂದು, ಹೊಳ್ಳರು ಬೇಡ ಎನ್ನುವುದರೊಳಗೆ ಟ್ವೀಟರಿನ ಮೇಲೆ ಬಿಗಿದು ಕಟ್ಟಿಯೇ ಬಿಟ್ಟ. ಮುಖ ಕಾಣುವ ಹೊಳಪಿನ ಮೇಲೆ ಹಂಗಾರಕಟ್ಟೆಯ ಬೆವರಿನ ನೀರು ಇಳಿಯತೊಡಗಿತು. ಇನ್ನೊಂದು ಪೆಟ್ಟಿಗೆಗೆ ಹೊಳ್ಳರ ಸ್ನಾನದ ಟವೆಲ್ಲೇ ಆಯಿತು.

“ಇದ್ ಹಾರ್ನ್ ಅಲ್ಲ ತಿಮ್ಮ, ಇದ್ರ ಲೆಕ್ಕಾಚಾರ ಬೇರೆ,” ಎಂದ ಶ್ರೀಶ.

“ನಿಮ್ದ್ ಕಂಡ್ ಕಲ್ತದ್ದ್, ನಂದ್ ಕಟ್ಟಿ ಕಲ್ತದ್ದ್. ಹಾಕಿ ಕಾಂಬ.”

ಹಾಕಿದರು. ಸೀಟಿ ಅರ್ಧಕ್ಕೆ ಇಳಿದಿತ್ತು. ಹೊಳ್ಳರಿಗೆ ಹೋದ ಜೀವ ಬಂತು, ಶ್ರೀಶನಿಗೆ ಬಂದ ಸಮಾಧಾನ ಹೋಯಿತು. ಸೋಲುವ ಜಾತಿಯವನಲ್ಲ ಅವನು. ಬಟ್ಟೆ ಕಟ್ಟಿದ್ದು ಔಷಧಿಯೇ, ಆದರೆ ರೋಗ ಇರುವುದು ಗೋಡೆಯಲ್ಲಿ, ಗೋಡೆಗೂ ಬಟ್ಟೆ ಹಾಕಬೇಕು ಎಂದ. ತೆಳ್ಳಗಿನದು ಸಾಲದು, ಹಾಸಿಗೆಯೇ ಆಗಬೇಕು. ಈ ವಿಷಯದಲ್ಲಿ ತಿಮ್ಮನೂ ಅವನೂ ಒಂದಾದರು. ಇಬ್ಬರು ತಜ್ಞರು ಒಂದಾದರೆ ಮನೆಯವರು ಹೆದರಬೇಕು, ಹೊಳ್ಳರು ಮಾತ್ರ ಸುತ್ತಿಗೆ ತಂದುಕೊಟ್ಟರು.

ಮನೆಯ ನಾಲ್ಕು ಹಾಸಿಗೆ ಎರಡು ಗೋಡೆಗೂ ಸಾಲಲಿಲ್ಲ. ಪಕ್ಕದ ಮನೆಯ ಸ್ನೇಹಲತಾ ಟೀಚರು ಬೇಲಿಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು. ಕರೆಯದೆ ಬರುವುದು ಅವರಿಗೆ ಗೌರವವಲ್ಲ, ಕರೆಯುವವರೆಗೆ ಕಾಯುವುದು ಅವರಿಂದ ಆಗದು. ಹಾಗಾಗಿ ಹಾಸಿಗೆ ಹೊತ್ತೇ ಬಂದರು. ಒಂದಲ್ಲ, ಐದು. ಮಧ್ಯಾಹ್ನದ ಹೊತ್ತಿಗೆ ಹೊಸದಾಗಿ ಬಣ್ಣ ಬಳಿದ ಗೋಡೆಗೆ ಹದಿನೆಂಟು ಮೊಳೆ ಬಿದ್ದು, ಬಟ್ಟೆ ಒಣಗಿಸುವ ಹಗ್ಗದಲ್ಲಿ ಒಂಬತ್ತು ಹಾಸಿಗೆ ನೇತಾಡಿದವು. ಕಿಟಕಿ ಮುಚ್ಚಿತು, ಬೆಳಕು ನಿಂತಿತು. ಫ್ಯಾನಿನ ಗಾಳಿಗೆ ಹಾಸಿಗೆ ಅಲುಗುತ್ತದೆಂದು ಫ್ಯಾನನ್ನೂ ನಿಲ್ಲಿಸಿದರು. ಮಾರ್ಚ್ ತಿಂಗಳ ಸೆಕೆಗೆ ಆ ಹಾಲ್ ಬಚ್ಚಲಿನ ಹಂಡೆಯ ಹಾಗಾಯಿತು.

ವೇದಾವತಿ ಬಂದು ಮೊಳೆಗಳನ್ನು ಎಣಿಸಿದಳು. ಎಣಿಸಿ ಅಡಿಗೆಮನೆಗೆ ಹೋದಳು. ಹೊಳ್ಳರಿಗೆ ಅವಳ ಮಾತಿಗಿಂತ ಈ ಎಣಿಕೆಯ ಭಯವೇ ಹೆಚ್ಚು.

ಒಂದೂವರೆಗೆ ಸ್ನೇಹಲತಾರ ಅತ್ತೆ ಕೋಲೂರಿಕೊಂಡು ಬಂದರು. ಎಪ್ಪತ್ತೊಂಬತ್ತು ವರ್ಷದ, ಗಟ್ಟಿ ಮೈಯ ಮುದುಕಿ. ಊಟ ಮುಗಿಸಿ ಕೋಣೆಗೆ ಹೋದರೆ ಮಂಚ ಮಾತ್ರ ಇದೆ, ಹಾಸಿಗೆ ಇಲ್ಲ.

“ಹೊಳ್ರೆ, ಎನ್ನ ಹಾಸ್ಗಿ ನಿಮ್ ಗ್ವಾಡಿಯಗೆ ಎಂತ ಮಾಡ್ತಿತ್ತ್?”

ಅಜ್ಜಿ ಉತ್ತರಕ್ಕೆ ಕಾಯುವವರಲ್ಲ. ಹೊಳ್ಳರ ಸೋಫಾದ ಮೇಲೆ ಉದ್ದಕ್ಕೆ ಮಲಗಿ, ಎರಡು ನಿಮಿಷದಲ್ಲಿ ಗೊರಕೆ ತೆಗೆದರು. ಏಳಿಸುವ ಧೈರ್ಯ ಸೊಸೆಗೇ ಇರಲಿಲ್ಲ. ಆಗ ಶ್ರೀಶ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಪದ್ಯ ಇನ್ನೂ ಸಣ್ಣಗೆ ಕೇಳುತ್ತಲೇ ಇತ್ತು.

“ಅಜ್ಜಿ ಮಲ್ಗಿದ್ ಮೇಲೆ ಚಂಡೆ ಇನ್ನೊಂಚೂರ್ ಇಳೀತ್, ಗಮ್ನಿಸಿದ್ರ್ಯಾ? ಮನುಷ್ಯನ ಮೈ ಶಬ್ದ ಹೀರ್ಕಂತ್. ನಮ್ಗ್ ಈಗ ಜನ ಬೇಕ್.”

ಕೇಳಿದವರು ನಗಬೇಕಿತ್ತು. ಯಾರೂ ನಗಲಿಲ್ಲ. ಹೊಳ್ಳರು ‘ಆಟದ ಮರ್ಲರು’ ಗುಂಪಿಗೆ, ಭಾಗವತರ ದರ್ಶನಕ್ಕೆ ಮೂರು ಗಂಟೆಗೇ ಬನ್ನಿ ಎಂದು ಬರೆದರು. ಶಬ್ದ ಹೀರುವುದಕ್ಕೆ ಎಂದು ಬರೆಯಲಿಲ್ಲ. ಮೂರೂವರೆಯ ಹೊತ್ತಿಗೆ ಹದಿನಾಲ್ಕು ಜನ ಸೇರಿದರು. ಶ್ರೀಶ ಅವರ ಗಾತ್ರ ನೋಡಿ ಜಾಗ ಗೊತ್ತು ಮಾಡಿದ. ದಪ್ಪಗಿನವರು ಪೆಟ್ಟಿಗೆಯ ಹತ್ತಿರ, ತೆಳ್ಳಗಿನವರು ಹಿಂದೆ. ಹೀಗೆ ಬೆವರುತ್ತ ಕೂತ ಹದಿನಾಲ್ಕು ಮೈಗಳಿಗೂ ಕಾಫಿ ಬೇಕಾಯಿತು, ಕಾಫಿಯ ಜೊತೆ ಅವಲಕ್ಕಿಯೂ ಬೇಕಾಯಿತು. ವೇದಾವತಿ ಎರಡೂ ಮಾಡಿದಳು. ಒಗ್ಗರಣೆ ಸೌಟಿನ ಸದ್ದು ಮಾತ್ರ ಹಾಸಿಗೆ ದಾಟಿ ಬರುತ್ತಿತ್ತು.

ಸರಿಯಾಗಿ ನಾಲ್ಕಕ್ಕೆ ಆಟೋ ಬಂತು. ಸುಜನ್ ಬಾಡಿಗೆ ಕೊಡುತ್ತಿರುವಾಗಲೇ ಹೊಳ್ಳರು ಓಡಿಹೋಗಿ ಅಜ್ಜನ ಕೈಹಿಡಿದು ಇಳಿಸಿಕೊಂಡರು. ಸಣ್ಣ ಆಳು. ಎಂಬತ್ತು ದಾಟಿದ ಮೈ ಒಣಗಿತ್ತು, ಅಂಗೈ ಮಾತ್ರ ಹಲಗೆಯಷ್ಟು ಗಟ್ಟಿ.

“ಬನ್ನಿ ಭಾಗವತ್ರೆ, ಬನ್ನಿ. ನಮ್ ಮನಿ ಪುಣ್ಯ.”

ಅಜ್ಜ ಎಲ್ಲರಿಗೂ ಒಂದೇ ನಗು ನಕ್ಕರು. ನೇತಾಡುವ ಹಾಸಿಗೆಗಳನ್ನೂ, ನೆಲದಲ್ಲಿ ಒತ್ತಾಗಿ ಕೂತವರನ್ನೂ, ಸೋಫಾದ ಮೇಲಿನ ಅಜ್ಜಿಯನ್ನೂ ನೋಡಿ, ಈ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದುಕೊಂಡಿರಬೇಕು, ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಸುಜನ್ ಬಂದು ಬಾಗಿಲ ಹತ್ತಿರ ನಿಂತ.

ಹೊಳ್ಳರು ಗುಂಡಿ ತಿರುಗಿಸಿದರು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಸ್ವರ ತುಪ್ಪದ ಹಾಗೆ ಜಾರಿ ಬಂತು. ಸೀಟಿ ಇಲ್ಲ, ತಾಳದ ಚುಚ್ಚು ಇಲ್ಲ. ಚಂಡೆ ದೂರದಲ್ಲೆಲ್ಲೋ ಯಾರೋ ತಲೆದಿಂಬು ಕೊಡವಿದಂತೆ ಕೇಳುತ್ತಿತ್ತು. ದಪ್ಪಗಿನವರು ಕಣ್ಣು ಮುಚ್ಚಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ವೇದಾವತಿ ಹಣೆ ಮುಟ್ಟಿ ನೋಡಿಕೊಂಡು, “ಈಗ ಅಡ್ಡಿಲ್ಲೆ,” ಎಂದಳು. ಹನ್ನೊಂದು ದಿನದಲ್ಲಿ ಹೊಳ್ಳರಿಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು. ಪೆಟ್ಟಿಗೆ ಉಳಿಯಿತು ಎಂದು ಅವರ ಕಣ್ಣು ತುಂಬಿತು.

ಅಜ್ಜ ಮಾತ್ರ ಕುತ್ತಿಗೆ ಮುಂದೆ ಚಾಚಿ, ಕಿವಿಯ ಹಿಂದೆ ಕೈ ಹಿಡಿದು ಕಾಯುತ್ತಿದ್ದರು. ಒಂದು ಪದ್ಯ ಮುಗಿಯಿತು, ಎರಡನೆಯದೂ ಮುಗಿಯಿತು.

“ಪದ್ಯ ಲಾಯ್ಕಿತ್ತ್,” ಎಂದರು. “ಚಂಡೆ ಯಾವಾಗ ಶುರು ಆತ್?”

ಹೊಳ್ಳರು ನಕ್ಕು, ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು. “ಅದನ್ನ್ ಅಡ್ಗ್ಸುಕೇ ಬೆಳಿಗ್ಗಿಂದ ಒದ್ದಾಡದ್ದ್ ಭಾಗವತ್ರೆ. ಈಗ ನಿಮ್ ಸ್ವರ ಒಂದೇ ಕೇಂತ್.”

“ನನ್ ಸ್ವರ ಅದ್ರಗೆ ಎಲ್ಲಿತ್ತ್ ಮಾರಾಯ್ರೆ? ನಾನ್ ಹಾಡ್ದವ್ನಲ್ಲ.”

ಎಲ್ಲರೂ ಸುಜನ್‌ನ ಕಡೆ ತಿರುಗಿದರು. ಅವನಿಗೆ ಇವರ ಗೊಂದಲವೇ ಅರ್ಥವಾಗಲಿಲ್ಲ. “ಅಜ್ಜ ಚಂಡೆಯವ್ರ್. ಕೆರಾಡಿ ಬಚ್ಚ ದೇವಾಡಿಗ. ನಲ್ವತ್ ವರ್ಷ ಮೇಳದಗೆ ಬಾರ್ಸಿದ್ರ್. ಅಷ್ಟ್ ವರ್ಷ ಚಂಡೆ ಬುಡದಗೇ ನಿಂತದ್ದಲ್ದಾ, ಕೆಮಿ ಹೋಯ್ತ್. ಮಾತ್ ಜೋರ್ ಹೇಳ್ರೆ ಕೇಂತ್, ಮೊಬೈಲ್ ರಿಂಗ್ ಕೇಂತಿಲ್ಲೆ, ಹಕ್ಕಿ ಕೂಗುದ್ ಕೇಂತಿಲ್ಲೆ. ದೊಡ್ ಪೆಟ್ಗಿಯಗೆ ಆರೂ ಕೇಂತಾ ಅಂದ್ ಕರ್ಕಂಡ್ ಬಂದದ್ದ್.”

ಯಕ್ಷಗಾನಕ್ಕೆ ಪ್ರಾಣ ಬಿಡುವ ಹದಿನಾಲ್ಕು ಜನ ನೆಲ ನೋಡಿದರು. ಇವರಲ್ಲಿ ಒಬ್ಬನಿಗೂ ಈ ಹೆಸರು ಗೊತ್ತಿರಲಿಲ್ಲ. ಇದು ನಾಚಿಕೆಗೇಡಿನ ಸಂಗತಿ, ಬೇರೆ ಯಾವ ಹೆಸರಿನಿಂದಲೂ ಅದನ್ನು ಕರೆಯಲಾಗದು. ಹೊಳ್ಳರು ಬೆಳಗಿನಿಂದ ಹೊಡೆದ ಹದಿನೆಂಟು ಮೊಳೆಯೂ ಈ ಮುದುಕನ ಚಂಡೆಯ ಬಾಯಿ ಮುಚ್ಚುವುದಕ್ಕೇ ಆಗಿತ್ತು.

ಮೊದಲ ಹಾಸಿಗೆ ಎಳೆದು ಕೆಡವಿದವಳು ವೇದಾವತಿ.

“ನನ್ ತಾಯಿಮನಿ ಕೆರಾಡಿ ಬದಿಗೇ,” ಎಂದಳು, ಯಾರಿಗೆಂದಿಲ್ಲದೆ. “ಗದ್ದಿ ಆಚಿಯಿಂದ ಇವ್ರ್ ಚಂಡೆ ಕೇಂಡ್ರೇ ಆಟ ಶುರುವಾಯ್ತ್ ಅಂದ್ ನಾವ್ ಮಕ್ಳೆಲ್ಲ ಉಂಬುದ್ ಬಿಟ್ಟ್ ಓಡ್ತಿತ್ತ್. ಎಂತ ಕಾಂತಾ ಕೂಕಂಡ್ರಿ? ತೆಗ್ದ್ ಹಾಕಿ ಎಲ್ಲ.”

ಹಾಸಿಗೆಗಳು ಬಿದ್ದವು, ಕಿಟಕಿ ತೆರೆಯಿತು, ಟವೆಲ್ಲು ಬೈರಾಸುಗಳು ಕಳಚಿದವು. ಹದಿನಾಲ್ಕು ಮೈಗಳನ್ನೂ ಅಂಗಳಕ್ಕೆ ಅಟ್ಟಿದಳು. ಅಜ್ಜಿಯನ್ನು ಅವರ ಹಾಸಿಗೆಯೊಂದಿಗೆ ಮನೆಗೆ ಸಾಗಿಸಿದರು. ಪೆಟ್ಟಿಗೆಗಳ ಮುಖವನ್ನು ಬಚ್ಚ ದೇವಾಡಿಗರ ಎದುರಿಗೇ ತಿರುಗಿಸಿ, ಇದ್ದ ಒಂದೇ ಗುಂಡಿಯನ್ನು ಅವಳೇ ಬಲಕ್ಕೆ ತಿರುಗಿಸಿದಳು.

ಚಂಡೆ ಸಿಡಿಯಿತು. ಬರೀ ಟೈಲ್ಸಿಗೆ ಬಡಿದು, ಗಾಜಿಗೆ ಬಡಿದು, ಹೊಳ್ಳರ ಹಲ್ಲಿನ ಬೇರಿಗೆ ಬಂದು ತಾಗಿತು. ಹಿತ್ತಲ ಕಾಗೆಗಳು ಎದ್ದವು. ಕುರ್ಚಿಯಲ್ಲಿ ಕೂತ ಮುದುಕರು ಮೊದಲು ಬೆಚ್ಚಿದರು. ಆಮೇಲೆ ಬೆನ್ನು ನೆಟ್ಟಗಾಯಿತು, ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು. ಒಂದು ಕಡೆ ಕೈ ತಡೆದು, ಅಲ್ಲಿ ಪೆಟ್ಟಿಗೆಯೂ ತಡೆದಾಗ, ಬಾಯಿ ತುಂಬ ನಕ್ಕರು.

“ಇದ್ ನಾನ್,” ಎಂದರು. “ಎಂಟ್ ವರ್ಷ ಆಯ್ತ್ ಕೇಳ್ದೆ.” ಕಣ್ಣೊರೆಸಿಕೊಂಡು ಹೊಳ್ಳರನ್ನು ಕೇಳಿದರು. “ಇನ್ನೊಂಚೂರ್ ಜಾಸ್ತಿ ಆತಾ?”

ಆಯಿತು. ಅಂಗಳದಲ್ಲಿ ಶ್ರೀಶ, ಮೂಲ ಧ್ವನಿಯನ್ನು ಮುಟ್ಟಬಾರದೆಂದು ತಾನು ಮೊದಲಿಂದಲೂ ಹೇಳುತ್ತಿದ್ದೆ ಎಂದು ನಾಲ್ಕು ಜನರಿಗೆ ವಿವರಿಸುತ್ತಿದ್ದ. ತಿಮ್ಮ ಬೈರಾಸು ಹಿಂಡುತ್ತ ಹೌದು ಹೌದು ಎನ್ನುತ್ತಿದ್ದ. ಹೊಳ್ಳರಿಗೆ ಇಬ್ಬರನ್ನೂ ಹೊಡೆಯಬೇಕೆನಿಸಿತು, ಆದರೆ ಎರಡೂ ಕೈ ಕಿವಿಯ ಮೇಲಿದ್ದವು.

ಅಜ್ಜನನ್ನು ಆಟೋ ಹತ್ತಿಸಿ ಬಂದ ವೇದಾವತಿ ನಿಂತೇ ಮಾತಾಡಿದಳು. “ಪೆಟ್ಗಿ ಇಲ್ಲೇ ಇರ್ಲಿ. ಅವ್ರ್ ದಿನಾ ನಾಕ್ ಗಂಟಿಗೆ ಬತ್ರ್, ನಾನೇ ಹೇಳಿದೆ. ಒಂದ್ ಬಟ್ಟಿ ಕಟ್ಟುಕಾಗ, ಒಂದ್ ಪರ್ದಿ ಹಾಕುಕಾಗ. ನೀವ್ ಅಂಗ್ಡಿ ಬೇಗ ಮುಚ್ಚಿ ಬಂದ್ ಅವ್ರೊಟ್ಟಿಗೆ ಕೂಕಣಿ.”

“ನಿನ್ ತಲಿನೋವ್?”

“ನಂಗ್ ನಾಳಿಯಿಂದ ನಾಕ್ ಗಂಟಿಗೆ ದೇವಸ್ಥಾನದಗೆ ಸಹಸ್ರನಾಮ ಇತ್ತ್.”

ಮೂರು ವರ್ಷದಿಂದ ಅವಳು ಆ ಸಹಸ್ರನಾಮದ ಕಡೆ ತಲೆ ಹಾಕಿರಲಿಲ್ಲ. ಸೋಮವಾರ ಮೂರೂಮುಕ್ಕಾಲಿಗೇ ಸೀರೆ ಉಟ್ಟು ಹೊರಟುಹೋದಳು.

ನಾಲ್ಕಕ್ಕೆ ಆಟೋ ಬಂತು. ಬಚ್ಚ ದೇವಾಡಿಗರು ಇಳಿದರು. ಸುಜನ್ ಹಿಂದಿನಿಂದ ಹಳೇ ಸೀರೆಯಲ್ಲಿ ಸುತ್ತಿದ ಭಾರದ ಗಂಟೊಂದನ್ನು ಎತ್ತಿಕೊಂಡು ಬಂದ.

“ಅಜ್ಜ ನಿನ್ನಿ ರಾತ್ರಿ ಒರ್ಗ್ಲೇ ಇಲ್ಲೆ ಹೊಳ್ರೆ. ಪೆಟ್ಗಿಯೊಟ್ಟಿಗೆ ಒಂದ್ ಕೈ ಬಾರ್ಸಿ ಕಾಂಬ್ಕ್ ಅಂತ್ರ್.”

ಗಂಟು ಬಿಚ್ಚಿದರೆ ಚಂಡೆ. ಅಜ್ಜ ಹಗ್ಗ ಬಿಗಿದು, ಟೈಲ್ಸಿನ ಮೇಲೆ ಓರೆಯಾಗಿ ನಿಲ್ಲಿಸಿಕೊಂಡು, ಹೊಳ್ಳರಿಗೆ ಶುರು ಮಾಡಿ ಎಂದು ಸನ್ನೆ ಮಾಡಿದರು. ಹೊಳ್ಳರು ಗುಂಡಿಯನ್ನು ಪೂರ್ತಿ ತಿರುಗಿಸಿದರು. ಅಜ್ಜ ಕೋಲೆತ್ತಿ ಮೊದಲ ಪೆಟ್ಟು ಹಾಕಿದರು. ಶೋಕೇಸಿನಲ್ಲಿ ಉಳಿದಿದ್ದ ಕೊನೆಯ ಕಾಣಿಕೆ ನೆಲಕ್ಕೆ ಬಂತು. ಹೊಳ್ಳರು ಕಣ್ಣು ಬಿಟ್ಟು ಪೆಟ್ಟಿಗೆಗಳ ಕಡೆ ನೋಡಿದರು. ಅವೂ ಹಾಡುತ್ತಲೇ ಇದ್ದವು. ಅಜ್ಜನ ಚಂಡೆಯ ಎದುರು ಅವುಗಳ ಕಿರಿಚಾಟ ಮಾತ್ರ ಈಗ ಚೂರೂ ಕೇಳಿಸುತ್ತಿರಲಿಲ್ಲ.